ಆಯ್ದುಕೊಂಡ ನಾಡಿನ ಋಣ: ಕರ್ನಲ್ ಹಾನ್ಸ್ ಕ್ರಿಶ್ಚಿಯನ್ ಹೆಗ್



ಪರದೇಶದ ಚರಿತ್ರೆಯಿಂದ ಒಂದು ಜೀವನವನ್ನು ಆಯ್ದು ಅದನ್ನು ಕನ್ನಡದಲ್ಲಿ ನಿರೂಪಿಸಬೇಕೆಂಬುದು ಈ ಉಪನ್ಯಾಸ ದತ್ತಿಯ ಸಂಕಲ್ಪವೆಂದೂ, ಆಯ್ಕೆ ಮಾತ್ರ ಉಪನ್ಯಾಸಕನಿಗೆ ಬಿಟ್ಟದ್ದೆಂದೂ ತಾವು ತಿಳಿಸಿದಿರಿ. ಅಮೆರಿಕದ ಅಂತರ್ಯುದ್ಧದ ಹೆಸರೆತ್ತಿದೊಡನೆ ನಮ್ಮವರ ಸ್ಮೃತಿಗೆ ಬರುವವನು ಅಬ್ರಹಾಂ ಲಿಂಕನ್. ಸ್ವಲ್ಪ ಹೆಚ್ಚು ಓದಿದವರಿಗೆ ಗ್ರಾಂಟ್, ಲೀ, ಷರ್ಮನ್ ಮುಂತಾದ ಸೇನಾನಿಗಳು. ಆ ಮಹಾನಾಮಗಳ ನೆರಳಿನಲ್ಲಿ, ಮೂವತ್ತಮೂರನೆಯ ವಯಸ್ಸಿಗೆ ರಣರಂಗದಲ್ಲಿ ಮಡಿದ, ಆ ದೇಶದಲ್ಲಿ ಹುಟ್ಟದೆ ಆ ದೇಶದ ಅತ್ಯಂತ ಕಠಿನವಾದ ನೈತಿಕ ಪ್ರಶ್ನೆಯನ್ನು ತನ್ನ ಸ್ವಂತದ ಪ್ರಶ್ನೆಯನ್ನಾಗಿ ಮಾಡಿಕೊಂಡ ಒಬ್ಬ ಕರ್ನಲ್ಲನಿದ್ದಾನೆ. ಅವನ ಹೆಸರು ಹಾನ್ಸ್ ಕ್ರಿಶ್ಚಿಯನ್ ಹೆಗ್. ವಿಸ್ಕಾನ್ಸಿನ್ ಸಂಸ್ಥಾನದ ಹೊರಗೆ ಅವನನ್ನು ಬಲ್ಲವರು ಅಮೆರಿಕದಲ್ಲಿಯೂ ಹೆಚ್ಚಿಲ್ಲ. ಆದರೂ ಅವನ ಬಾಳಿನ ಕಥೆಯನ್ನು ಓದಿದಂದಿನಿಂದ, ಹೊಸ ನಾಡೊಂದನ್ನು ತನ್ನದೆಂದು ಹೇಳಿಕೊಳ್ಳುವ ಹಕ್ಕು ಮನುಷ್ಯನಿಗೆ ಯಾವ ಬಗೆಯಿಂದ ಸಿದ್ಧಿಸುತ್ತದೆ ಎಂಬ ವಿಚಾರ ನನ್ನನ್ನು ಬಿಡದೆ ಕಾಡಿದೆ. ಆ ವಿಚಾರವನ್ನೇ ಈ ಹೊತ್ತು ತಮ್ಮ ಮುಂದಿಡಲು ಬಯಸುತ್ತೇನೆ.

ಹೆಗ್ ಹುಟ್ಟಿದ್ದು 1829ರ ಡಿಸೆಂಬರ್ 21ರಂದು, ನಾರ್ವೆ ದೇಶದ ಡ್ರಾಮೆನ್ ನಗರಕ್ಕೆ ಸಮೀಪದ ಲಿಯೆರ್ ಎಂಬಲ್ಲಿ. ತಂದೆ ಈವೆನ್ ಹೆಗ್ ಅಲ್ಲಿ ಒಂದು ವಸತಿಗೃಹವನ್ನು ನಡೆಸುತ್ತಿದ್ದ ಸ್ಥಿತಿವಂತ. ನಾರ್ವೆ ಬೆಟ್ಟಬಂಡೆಗಳ ನಾಡು; ಉಳುವುದಕ್ಕೆ ಒದಗುವ ನೆಲ ಅತ್ಯಲ್ಪ; ಜನಸಂಖ್ಯೆ ಏರುತ್ತಿದ್ದ ಆ ಕಾಲದಲ್ಲಿ ಚಿಕ್ಕ ರೈತನ ಮಕ್ಕಳ ಪಾಲಿಗೆ ಬರುತ್ತಿದ್ದುದು ಹೊಲವಲ್ಲ, ಕೂಲಿ. 1825ರಲ್ಲಿ ಸ್ಟಾವಂಗರ್ ಬಂದರಿನಿಂದ ‘ರೆಸ್ಟೊರೇಷನ್’ ಎಂಬ ಪುಟ್ಟ ಹಡಗೊಂದು ಐವತ್ತೆರಡು ಮಂದಿಯನ್ನು ಹೊತ್ತು ಅಮೆರಿಕಕ್ಕೆ ಹೊರಟಿತು. ಅಲ್ಲಿಂದ ಮುಂದೆ ಆ ದಾರಿ ಮುಚ್ಚಲೇ ಇಲ್ಲ. ಹೊಟ್ಟೆಯ ಪ್ರಶ್ನೆಯ ಜೊತೆಗೆ ಅಂತಃಕರಣದ ಪ್ರಶ್ನೆಯೂ ಇತ್ತು. ಈವೆನ್ ಹೆಗ್ ಹಾನ್ಸ್ ನೀಲ್ಸನ್ ಹೌಗೆ ಎಂಬ ಧಾರ್ಮಿಕ ಸುಧಾರಕನ ಅನುಯಾಯಿ. ಹೌಗೆ ಪಾದ್ರಿಯಲ್ಲ, ರೈತನ ಮಗ. ದೀಕ್ಷೆಯಿಲ್ಲದವನು ಊರೂರು ತಿರುಗಿ ಧರ್ಮಬೋಧೆ ಮಾಡಬಾರದೆಂಬ ಕಾನೂನನ್ನು ಮೀರಿದ್ದಕ್ಕಾಗಿ ಹಲವು ವರ್ಷ ಸೆರೆಮನೆಯಲ್ಲಿ ಕೊಳೆತವನು. ತಾವು ಪೂಜ್ಯನೆಂದು ಭಾವಿಸಿದ ಪುರುಷನನ್ನು ರಾಜ್ಯವು ಅಪರಾಧಿಯೆಂದು ಬಂಧಿಸಿತ್ತೆಂಬ ನೆನಪು ಆ ಪಂಥದ ಮನೆಮನೆಗಳಲ್ಲಿ ಇತ್ತು. ಮುಂದೆ ಹಾನ್ಸ್ ಹೆಗ್ ಒಂದು ಸೆರೆಮನೆಯ ಅಧಿಪತಿಯಾದಾಗ ನಡೆದುಕೊಂಡ ರೀತಿಯನ್ನು ನೋಡುವವರು ಈ ಹಿನ್ನೆಲೆಯನ್ನು ಮರೆಯಲಾಗದು.

1840ರಲ್ಲಿ ಈವೆನ್ ಹೆಗ್ ಹೆಂಡತಿ ಮಕ್ಕಳೊಡನೆ ಹಡಗು ಹತ್ತಿದನು. ಹಾನ್ಸ್ ಹಿರಿಯ ಮಗ; ಆಗ ಅವನಿಗೆ ಹತ್ತು ತುಂಬಿತ್ತು. ಅವರು ನೆಲೆಸಿದ್ದು ಮಿಲ್ವಾಕಿ ಪಟ್ಟಣದ ನೈಋತ್ಯಕ್ಕಿರುವ ಮಸ್ಕೀಗೊ ಎಂಬ ಹೊಸ ವಸಾಹತಿನಲ್ಲಿ. ಆ ನೆಲ ಜನಶೂನ್ಯವಾದ ಕಾಡಾಗಿರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. 1833ರ ಷಿಕಾಗೋ ಒಪ್ಪಂದದಲ್ಲಿ ಪೊಟವಾಟಮಿ ಜನರಿಂದ ಸರ್ಕಾರವು ಬರೆಸಿಕೊಂಡ ಭೂಮಿ ಅದು. ಬಡವರಾಗಿ ಬಂದವರು ಕೂಡ ಇನ್ನೊಬ್ಬರು ಕಳೆದುಕೊಂಡ ನೆಲದ ಮೇಲೆಯೇ ಮನೆ ಕಟ್ಟಿದರೆಂಬ ಸತ್ಯ ಅಮೆರಿಕದ ವಲಸೆಯ ಚರಿತ್ರೆಯುದ್ದಕ್ಕೂ ಇದೆ. ಹೆಗ್‌ನ ಕಥೆಯೂ ಅದಕ್ಕೆ ಹೊರತಲ್ಲ.

ಮಸ್ಕೀಗೊ ಸರೋವರಗಳ ಮತ್ತು ಜೌಗಿನ ಪ್ರದೇಶ. ಮಲೇರಿಯಾ ಅಲ್ಲಿ ವರ್ಷವರ್ಷವೂ ಬರುವ ಅತಿಥಿ. ಕಾಲರಾ ಬಂದ ವರ್ಷಗಳಲ್ಲಂತೂ ಹೂಳುವುದಕ್ಕೆ ಆಳುಗಳು ಸಾಲದಾದರು. ಈ ವಸಾಹತಿನ ನಡುವೆ ಈವೆನ್ ಹೆಗ್ ಕಟ್ಟಿಸಿದ ದೊಡ್ಡ ಕಣಜದ ಕೊಟ್ಟಿಗೆಯೊಂದು ನಿಂತಿತ್ತು. ನಾರ್ವೆಯಿಂದ ಹೊಸದಾಗಿ ಬಂದಿಳಿದ ಕುಟುಂಬಗಳು ತಮ್ಮದೊಂದು ಮರದ ಗುಡಿಸಲನ್ನು ಎತ್ತಿ ನಿಲ್ಲಿಸುವವರೆಗೆ ತಂಗುತ್ತಿದ್ದುದು ಅಲ್ಲಿ. ಭಾನುವಾರದ ಪ್ರಾರ್ಥನೆ ನಡೆಯುತ್ತಿದ್ದುದು ಅಲ್ಲಿ. ರೋಗ ಬಂದಾಗ ಹುಲ್ಲಿನ ಹಾಸಿಗೆಗಳ ಮೇಲೆ ಸಾಲಾಗಿ ಮಲಗಿದವರಿಗೆ ಅದೇ ಆಸ್ಪತ್ರೆ. ಹುಡುಗನಾದ ಹಾನ್ಸ್ ಬಂದವರಿಗೆ ದಾರಿ ತೋರಿಸುವ, ಅವರ ಮಾತನ್ನು ಇಂಗ್ಲಿಷಿಗೆ ತಂದು ಕೊಡುವ ಕೆಲಸದಲ್ಲಿ ಬೆಳೆದನು. ಅಪರಿಚಿತನಾದ ದುಃಖಿಯನ್ನು ಮನೆಯೊಳಗೆ ಬರಮಾಡಿಕೊಳ್ಳುವ ಅಭ್ಯಾಸ ಅವನಿಗೆ ಉಪದೇಶದಿಂದ ಬಂದುದಲ್ಲ, ಕೊಟ್ಟಿಗೆಯ ಬಾಗಿಲನ್ನು ತೆರೆದು ತೆರೆದು ಕೈಗೆ ಬಂದುದು.

ಅದೇ ಮನೆಯಲ್ಲಿ 1847ರಲ್ಲಿ ಇನ್ನೊಂದು ಕಾರ್ಯ ಆರಂಭವಾಯಿತು. ಅಮೆರಿಕದಲ್ಲಿ ನಾರ್ವೇಜಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆಯಾದ ‘ನೂರ್ದ್‌ಲೀಸೆಟ್’ ಅಚ್ಚಾದದ್ದು ಈವೆನ್ ಹೆಗ್‌ನ ಮನೆಯಲ್ಲಿ; ಜೇಮ್ಸ್ ರೀಮರ್ಟ್ ಅದರ ಸಂಪಾದಕ. ಊರ ಸುದ್ದಿ, ಧರ್ಮದ ಚರ್ಚೆ, ನಾರ್ವೆಯ ವರ್ತಮಾನ, ಇವಿಷ್ಟೇ ಅದರಲ್ಲಿದ್ದಿದ್ದರೆ ನಾನು ಅದನ್ನು ಇಲ್ಲಿ ಪ್ರಸ್ತಾಪಿಸುತ್ತಿರಲಿಲ್ಲ. ಆ ಪತ್ರಿಕೆ ಫ್ರೀ ಸಾಯಿಲ್ ಪಕ್ಷದ, ಎಂದರೆ ಪಶ್ಚಿಮದ ಹೊಸ ಪ್ರಾಂತಗಳಿಗೆ ಗುಲಾಮಗಿರಿ ಹಬ್ಬಕೂಡದೆಂದು ಸಾರಿದ ಪಕ್ಷದ, ಬೆಂಬಲಕ್ಕೆ ನಿಂತಿತು. ಬಂದು ಏಳೆಂಟು ವರ್ಷವಾಗಿದ್ದ, ಕಾಡು ಕಡಿದು ಮುಗಿಸಿರದ, ಅರ್ಧ ಜನಕ್ಕೆ ಇಂಗ್ಲಿಷ್ ಬಾರದ ಒಂದು ರೈತ ಸಮುದಾಯ ದೇಶದ ಅತ್ಯಂತ ಉರಿಯುವ ಪ್ರಶ್ನೆಯಲ್ಲಿ ತನ್ನ ಪಕ್ಷವನ್ನು ತನ್ನ ಭಾಷೆಯಲ್ಲಿಯೇ ಅಚ್ಚು ಹಾಕಿ ಹೇಳಿತು. ವಲಸೆ ಬಂದವನು ಮೊದಲು ತಲೆಬಾಗಿ ನಡೆದು, ತನ್ನ ಪಾಡಿಗೆ ತಾನಿದ್ದು, ಮೂರು ತಲೆಮಾರು ಕಳೆದ ಮೇಲೆ ಸಾರ್ವಜನಿಕ ವಿಷಯಗಳಲ್ಲಿ ಬಾಯಿ ತೆರೆಯಬೇಕೆಂದು ಹೇಳುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಮಸ್ಕೀಗೊದ ರೈತರು ಆ ಸಲಹೆಗೆ ಕಾಯಲಿಲ್ಲ.

1849ರಲ್ಲಿ ಕ್ಯಾಲಿಫೋರ್ನಿಯಾದ ಚಿನ್ನದ ಸುದ್ದಿ ಹಾನ್ಸ್‌ನನ್ನೂ ಸೆಳೆಯಿತು. ಗೆಳೆಯರ ಜೊತೆ ನೆಲದ ದಾರಿಯಲ್ಲಿ ಖಂಡವನ್ನು ದಾಟಿ ಹೋಗಿ ಎರಡು ವರ್ಷ ಅಗೆದನು. ತಂದೆ ತೀರಿಕೊಂಡ ವಾರ್ತೆ ತಲುಪಿದ ಮೇಲೆ ಊರಿಗೆ ಮರಳಿ, ತಾಯಿಯೂ ಇಲ್ಲದ ತಮ್ಮತಂಗಿಯರ ಹೊಣೆಯನ್ನೂ ಹೊಲವನ್ನೂ ವಹಿಸಿಕೊಂಡನು. 1851ರಲ್ಲಿ ಗುನಿಲ್ಡ್ ಐನಾಂಗ್ ಎಂಬವಳನ್ನು ಮದುವೆಯಾದನು. ಅವಳೂ ನಾರ್ವೆಯಿಂದ ಬಂದ ಮನೆತನದವಳೇ. ಮುಂದಿನ ಎಂಟು ವರ್ಷಗಳು ಒಬ್ಬ ಊರ ಮುಖಂಡನ ಸಾಧಾರಣ ವರ್ಷಗಳು: ನ್ಯಾಯ ಪಂಚಾಯಿತಿ, ರಸ್ತೆ, ಜಿಲ್ಲಾ ಮಂಡಳಿ, ಆಮೇಲೆ ವಾಟರ್‌ಫರ್ಡ್ ಊರಿನಲ್ಲಿ ವ್ಯಾಪಾರ. ಅವುಗಳ ವಿವರದಲ್ಲಿ ತಮ್ಮ ಕಾಲವನ್ನು ತೆಗೆದುಕೊಳ್ಳುವುದಿಲ್ಲ.

ಆದರೆ ಆ ವರ್ಷಗಳಲ್ಲಿ ವಿಸ್ಕಾನ್ಸಿನ್ನಿನಲ್ಲಿ ನಡೆದ ಒಂದು ಘಟನೆಯನ್ನು ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಹೆಗ್‌ನ ಬಾಳಿನ ತಿರುಳು, ನನ್ನ ಎಣಿಕೆಯಲ್ಲಿ, ಯುದ್ಧಭೂಮಿಗಿಂತ ಮುಂಚೆ ಅಲ್ಲಿಯೇ ಕಾಣಸಿಗುತ್ತದೆ. 1850ರಲ್ಲಿ ಅಮೆರಿಕದ ಶಾಸನಸಭೆ ಒಂದು ಕಾನೂನನ್ನು ಮಾಡಿತು. ದಕ್ಷಿಣದ ಒಡೆಯನಿಂದ ತಪ್ಪಿಸಿಕೊಂಡು ಬಂದ ಗುಲಾಮನು ಉತ್ತರದ ಯಾವ ಸಂಸ್ಥಾನದಲ್ಲಿ ಸಿಕ್ಕಿದರೂ ಅವನನ್ನು ಹಿಡಿದು ಹಿಂದಕ್ಕೆ ಒಪ್ಪಿಸತಕ್ಕದ್ದು. ಅಡ್ಡ ಬಂದವರಿಗೆ ದಂಡ, ಸೆರೆ. ಇದರಿಂದ ಗುಲಾಮಗಿರಿ ಎಲ್ಲೋ ದೂರದ ಹತ್ತಿಯ ಹೊಲದ ವಿಷಯವಾಗಿ ಉಳಿಯಲಿಲ್ಲ. ಉತ್ತರದ ಪ್ರತಿಯೊಬ್ಬ ಗೃಹಸ್ಥನ ಹೊಸ್ತಿಲಿಗೂ ಬಂದು ನಿಂತಿತು. 1854ರ ಮಾರ್ಚಿಯಲ್ಲಿ ಜೋಷುವಾ ಗ್ಲೋವರ್ ಎಂಬ ತಪ್ಪಿಸಿಕೊಂಡು ಬಂದ ಗುಲಾಮನನ್ನು ರಸೀನ್ ಪಟ್ಟಣದ ಸಮೀಪದಲ್ಲಿ, ಎಂದರೆ ಹೆಗ್‌ನದೇ ಜಿಲ್ಲೆಯಲ್ಲಿ, ಬಡಿದು ಹಿಡಿದು ಮಿಲ್ವಾಕಿಯ ಸೆರೆಯಲ್ಲಿ ಹಾಕಿದರು. ಷರ್ಮನ್ ಬೂತ್ ಎಂಬ ಪತ್ರಿಕಾ ಸಂಪಾದಕನ ಕರೆಗೆ ಸಾವಿರಾರು ಜನ ಕೂಡಿದರು; ಸೆರೆಮನೆಯ ಬಾಗಿಲು ಮುರಿಯಿತು; ಗ್ಲೋವರ್ ಕೆನಡಾಕ್ಕೆ ದಾಟಿ ಸ್ವತಂತ್ರನಾದನು. ಬೂತ್‌ನ ಮೇಲೆ ಮೊಕದ್ದಮೆ ಬಿದ್ದಿತು. ವಿಸ್ಕಾನ್ಸಿನ್ನಿನ ಉಚ್ಚ ನ್ಯಾಯಾಲಯವು ಆ ಕಾನೂನೇ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿ ಅವನನ್ನು ಬಿಡಿಸಿತು. 1859ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಬೂತ್ ಮತ್ತೆ ಬಂಧಿತನಾದನು.

ಈ ನಡುವೆ ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸುವುದಕ್ಕೆಂದೇ 1854ರಲ್ಲಿ ಅದೇ ವಿಸ್ಕಾನ್ಸಿನ್ನಿನ ರಿಪನ್ ಎಂಬ ಊರಿನ ಸಭೆಯಿಂದ ಮೊದಲ್ಗೊಂಡು ರಿಪಬ್ಲಿಕನ್ ಪಕ್ಷ ರೂಪುಗೊಂಡಿತ್ತು. ಆ ಪಕ್ಷ 1859ರಲ್ಲಿ ಹೆಗ್‌ನನ್ನು ಸಂಸ್ಥಾನದ ಸೆರೆಮನೆಯ ಕಮಿಷನರ್ ಹುದ್ದೆಗೆ ನಿಲ್ಲಿಸಿತು. ಅವನು ಗೆದ್ದನು. ಇಡೀ ಸಂಸ್ಥಾನದ ಮತದಿಂದ ವಿಸ್ಕಾನ್ಸಿನ್ನಿನಲ್ಲಿ ಅಧಿಕಾರಕ್ಕೆ ಆರಿಸಿ ಬಂದ ನಾರ್ವೆ ಸಂಜಾತರಲ್ಲಿ ಅವನೇ ಮೊದಲಿಗನೆಂದು ಗಣಿಸಲಾಗುತ್ತದೆ.

ವಾಪನ್ ಎಂಬಲ್ಲಿಯ ಆ ಸೆರೆಮನೆಗೆ ಅವನು ಹೋದಾಗ ವಿಸ್ಕಾನ್ಸಿನ್ ಮರಣದಂಡನೆಯನ್ನು ರದ್ದುಮಾಡಿ ಆರು ವರ್ಷ ಕಳೆದಿದ್ದುವು. ಆದುದರಿಂದ ಎಂಥ ಘೋರ ಅಪರಾಧಿಯಾಗಲಿ, ಅವನ ಕೊನೆಯ ನೆಲೆ ವಾಪನ್. ಇಂಥ ಜನರ ಮೇಲೆ ಅಧಿಕಾರ ಪಡೆದ ಮೂವತ್ತರ ತರುಣನೊಬ್ಬನು ಕಠೋರನಾಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕಠೋರನೆಂಬ ಕೀರ್ತಿ ಮುಂದಿನ ಚುನಾವಣೆಗೂ ಒದಗುತ್ತಿತ್ತು. ಹೆಗ್ ಬೇರೆ ದಾರಿ ಹಿಡಿದನು. ಕೈದಿಯನ್ನು ದಂಡಿಸಿ ಮುಗಿಸುವುದಕ್ಕಲ್ಲ, ತಿದ್ದಿ ಸಮಾಜಕ್ಕೆ ಹಿಂದಿರುಗಿಸುವುದಕ್ಕೆ ಸೆರೆಮನೆ ಇರಬೇಕೆಂಬುದು ಅವನ ನಿಲುವು. ಒಂದು ಕಸಬನ್ನು ಕಲಿತು ಹೊರಗೆ ಹೋದವನು ಮರಳಿ ಬರುವುದು ಕಡಮೆ ಎಂದು ನಂಬಿ, ಸೆರೆಮನೆಯೊಳಗಿನ ಕೈಕೆಲಸಗಳಿಗೆ ಒತ್ತು ಕೊಟ್ಟನು. ಮೃದುತ್ವದಿಂದ ಶಿಸ್ತು ಕೆಡುವುದಿಲ್ಲವೆಂದು ವಾದಿಸಿದನು. ಇಂದು ಪಠ್ಯಪುಸ್ತಕದ ಮಾತಾಗಿ ಕೇಳಿಸುವ ಈ ವಿಚಾರಗಳನ್ನು 1860ರಲ್ಲಿ ಒಬ್ಬ ರೈತ ವ್ಯಾಪಾರಿ ಹೇಳಿ ಆಚರಣೆಗೆ ತರಲು ಯತ್ನಿಸಿದನೆಂಬುದನ್ನು ನಾವು ಗಮನಿಸಬೇಕು.

1860ರ ಆಗಸ್ಟ್ 1ರಂದು ಬೂತ್‌ನ ಮಿತ್ರರು ಅವನನ್ನು ಮಿಲ್ವಾಕಿಯ ಬಂಧನದಿಂದ ಬಿಡಿಸಿಕೊಂಡು ಹೋದರು. ಅವನನ್ನು ಕರೆದೊಯ್ದ ತಾಣ ಯಾವುದೆಂದು ಊಹಿಸುವುದು ಕಷ್ಟ. ವಾಪನ್‌ನ ಸೆರೆಮನೆಗೆ! ಕೈದಿಯಾಗಿ ಅಲ್ಲ, ಕಮಿಷನರನ ಅತಿಥಿಯಾಗಿ. ಕೇಂದ್ರ ಸರ್ಕಾರದ ಅಧಿಕಾರಿಗಳು ಹುಡುಕುತ್ತಿದ್ದ ಮನುಷ್ಯನಿಗೆ ಸಂಸ್ಥಾನ ಸರ್ಕಾರದ ಸೆರೆಮನೆಯ ಅಧಿಕಾರಿಯೇ ಆಶ್ರಯವಿತ್ತನು. ಇದರಲ್ಲಿ ಹೆಗ್‌ಗೆ ಲಾಭವೇನೂ ಇರಲಿಲ್ಲ. ಹುದ್ದೆ, ಮಾನ, ಪ್ರಾಯಶಃ ಸ್ವಾತಂತ್ರ್ಯ, ಮೂರನ್ನೂ ಪಣಕ್ಕಿಟ್ಟನು. ಹುಟ್ಟಿನಿಂದ ಬಂದ ಪೌರನಿಗೂ ಇದು ಸಾಹಸ. ಹೊರಗಿನಿಂದ ಬಂದವನಾದರೋ, ಕಾನೂನಿಗೆ ವಿಧೇಯನೆಂದು ತೋರಿಸಿಕೊಳ್ಳುವುದರಲ್ಲಿಯೇ ತನ್ನ ಕ್ಷೇಮವಿದೆಯೆಂದು ಸದಾ ಅಂಜುವವನು. ಆ ಅಂಜಿಕೆ ಇವನಲ್ಲಿ ಇರಲಿಲ್ಲ. ಮುಂದೆ ಪ್ರಾಣವನ್ನೇ ತೆತ್ತ ಚಿಕಮಾಗದ ಕದನದಲ್ಲಿ ಅವನು ತೋರಿದ ಧೈರ್ಯಕ್ಕಿಂತ ಈ ಆಶ್ರಯದಾನದ ಧೈರ್ಯವನ್ನು ನಾನು ಮೇಲಿನದೆಂದು ಬಗೆಯುತ್ತೇನೆ. ರಣದಲ್ಲಿ ಸಾವಿರ ಜನ ಜೊತೆಗಿರುತ್ತಾರೆ, ಇಲ್ಲಿ ಅವನೊಬ್ಬನೇ ನಿರ್ಧರಿಸಬೇಕಾಗಿತ್ತು.

1861ರ ಏಪ್ರಿಲಿನಲ್ಲಿ ಯುದ್ಧ ಮೊದಲಾಯಿತು. ಆ ವರ್ಷದ ಶರತ್ಕಾಲದಲ್ಲಿ ಸ್ಕ್ಯಾಂಡಿನೇವಿಯದ ವಲಸೆಗಾರರಿಂದಲೇ ಒಂದು ರೆಜಿಮೆಂಟನ್ನು ಕಟ್ಟಬೇಕೆಂದು ಮ್ಯಾಡಿಸನ್ ನಗರದಲ್ಲಿ ಕೂಡಿದ ಮುಖಂಡರು ನಿಶ್ಚಯಿಸಿದರು. ಗವರ್ನರ್ ಅಲೆಕ್ಸಾಂಡರ್ ರ‍್ಯಾಂಡಲ್ ಹೆಗ್‌ನನ್ನು ಅದರ ಕರ್ನಲ್ ಆಗಿ ನೇಮಿಸಿದನು. ಸೇನಾಶಿಕ್ಷಣ ಅವನಿಗಿರಲಿಲ್ಲ. ನಾರ್ವೇಜಿಯನ್ ಪತ್ರಿಕೆ ‘ಎಮಿಗ್ರಾಂಟೆನ್’ನಲ್ಲಿ ಅವನು ತನ್ನವರಿಗೆ ಮನವಿ ಮಾಡಿಕೊಂಡನು: ನಾವು ಆಯ್ದುಕೊಂಡ ದೇಶದ ಸರ್ಕಾರ ಅಪಾಯದಲ್ಲಿರುವಾಗ ಹೊಲದ ಬೇಲಿಯ ಒಳಗೆ ನಿಂತು ನೋಡುವುದು ಸಲ್ಲದು ಎಂಬುದು ಆ ಮನವಿಯ ಭಾವ. ವಿಸ್ಕಾನ್ಸಿನ್ನಿನಿಂದಲೂ ನೆರೆಯ ಇಲಿನಾಯ್, ಅಯೋವಾ, ಮಿನೆಸೋಟಾಗಳಿಂದಲೂ ಜನ ಬಂದರು. ಸುಮಾರು 900 ಮಂದಿ ಸೇರಿದರು. 15ನೆಯ ವಿಸ್ಕಾನ್ಸಿನ್ ಎಂಬುದು ಅದರ ಅಧಿಕೃತ ನಾಮ. ತುಕಡಿಗಳು ತಮಗೆ ತಾವೇ ಇಟ್ಟುಕೊಂಡ ಹೆಸರುಗಳಲ್ಲಿ ಸಂತ ಓಲಾಫನಿದ್ದಾನೆ, ಪುರಾತನ ದೇವತೆ ಓಡಿನ್ ಇದ್ದಾನೆ, ಕರಡಿಬೇಟೆಗಾರರೂ ತೋಳಬೇಟೆಗಾರರೂ ಇದ್ದಾರೆ. ಒಂದೇ ತುಕಡಿಯ ಹಾಜರಿ ಪಟ್ಟಿಯಲ್ಲಿ ಓಲೆ ಓಲ್ಸನ್ ಎಂಬ ಹೆಸರಿನವರು ಹಲವರಿದ್ದುದರಿಂದ ಅವರನ್ನು ಅಂಕೆಯಿಟ್ಟು ಕರೆಯಬೇಕಾಯಿತೆಂದು ಆ ರೆಜಿಮೆಂಟಿನ ಕಥೆ ಹೇಳುವವರೆಲ್ಲ ಹೇಳುತ್ತಾರೆ. ಹೆಗ್‌ನ ತಮ್ಮ ಓಲೆ ರೆಜಿಮೆಂಟಿನ ದವಸ ಸಾಮಗ್ರಿಗಳನ್ನು ನೋಡಿಕೊಂಡನು. ತಂಗಿಯ ಗಂಡ ಸ್ಟೀಫನ್ ಹಿಮೋ ಅದರ ವೈದ್ಯನಾದನು. ಡೇನಿಷ್ ಪಾದ್ರಿ ಕ್ಲಾಸ್ ಕ್ಲಾಸನ್ ಧರ್ಮಗುರು. 1862ರ ಮಾರ್ಚಿಯಲ್ಲಿ ಯುದ್ಧಕ್ಕೆ ಹೊರಟು ಷಿಕಾಗೋ ಮೂಲಕ ಹೋಗುವಾಗ ಅಲ್ಲಿಯ ನಾರ್ವೇಜಿಯನ್ ಸಂಘದವರು ಒಂದು ಧ್ವಜವನ್ನಿತ್ತರು. ‘ದೇವರಿಗಾಗಿ ಮತ್ತು ನಮ್ಮ ನಾಡಿಗಾಗಿ’ ಎಂದು ಅದರ ಮೇಲೆ ನಾರ್ವೇಜಿಯನ್ ಭಾಷೆಯಲ್ಲಿ ಬರೆದಿತ್ತು. ನಮ್ಮ ನಾಡೆಂದು ಅವರು ಬರೆದುಕೊಂಡದ್ದು ಅಮೆರಿಕವನ್ನು.

ಇಲ್ಲಿ ಸ್ವಲ್ಪ ನಿಂತು ಒಂದು ಮಾತನ್ನು ವಿಚಾರಿಸೋಣ. ಬೇರೆ ನಾಡಿಗಾಗಿ ಪ್ರಾಣ ಕೊಟ್ಟವರ ಪ್ರಸ್ತಾಪ ಬಂದರೆ ಕನ್ನಡಿಗನ ಮನಸ್ಸು ತಾನಾಗಿ ಕರ್ಣನ ಕಡೆಗೆ ಹರಿಯುತ್ತದೆ. ಪಂಪನ ಕರ್ಣನನ್ನು ಓದಿ ಕಣ್ಣು ತೇವವಾಗದ ಕನ್ನಡಿಗನು ಅಪರೂಪ. ನೆಲೆಯಿಲ್ಲದವನಿಗೆ ನೆಲೆಯಿತ್ತ ಒಡೆಯನ ಋಣಕ್ಕಾಗಿ, ಒಡೆಯನ ಪಕ್ಷ ಧರ್ಮವಲ್ಲವೆಂದು ತಿಳಿದೂ, ಅವನು ಹೋರಿ ಮಡಿದನು. ಅದು ಮಹತ್ತಾದ ಕೃತಜ್ಞತೆ. ಅದರ ದುರಂತವೂ ಅದರಲ್ಲಿಯೇ ಇದೆ. ಹೆಗ್‌ನ ಋಣ ಇನ್ನೊಂದು ಜಾತಿಯದು. ಅಮೆರಿಕ ತನಗೆ ಹೊಲ ಕೊಟ್ಟಿತು, ಮತ ಕೊಟ್ಟಿತು, ಹುದ್ದೆ ಕೊಟ್ಟಿತು, ಆದುದರಿಂದ ಅದು ಹೇಳಿದ ಕಡೆ ಬಂದೂಕು ಹಿಡಿಯುತ್ತೇನೆ ಎಂದು ಅವನು ಹೊರಟವನಲ್ಲ. ಹಾಗೆ ಹೊರಡುವವನಾಗಿದ್ದರೆ 1860ರಲ್ಲಿ ಅದೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮಾತನ್ನು ಕೇಳಿ ಬೂತ್‌ನನ್ನು ಹಿಡಿದೊಪ್ಪಿಸಬೇಕಾಗಿತ್ತು. ದೇಶವು ತನ್ನ ಜನ್ಮಘೋಷಣೆಯಲ್ಲಿ ಎಲ್ಲ ಮನುಷ್ಯರೂ ಸಮಾನರೆಂದು ಸಾರಿ, ನಲವತ್ತು ಲಕ್ಷ ಜನರನ್ನು ದಾಸ್ಯದಲ್ಲಿಟ್ಟುಕೊಂಡಿತ್ತು. ದೇಶವೇ ತೀರಿಸದೆ ಉಳಿಸಿಕೊಂಡ ಆ ಸಾಲದಲ್ಲಿ ಒಂದು ಪಾಲನ್ನು, ಯಾರೂ ಕೇಳದೆ, ಈ ಹೊರಗಿನವನು ತನ್ನ ಹೆಸರಿಗೆ ಬರೆದುಕೊಂಡನು. ಅಮೆರಿಕದ ಸಂಪತ್ತಿನಲ್ಲಿ ಪಾಲು ಕೇಳಲು ಬಂದವರು ಅಸಂಖ್ಯರು. ಅದರ ಪಾಪದಲ್ಲಿಯೂ ಪ್ರಾಯಶ್ಚಿತ್ತದಲ್ಲಿಯೂ ಪಾಲು ಕೇಳಿದವನು ಹೆಗ್. ಅವನು ಆ ನಾಡಿನವನಾದದ್ದು ಆಗಲೇ. ಸಾವು ಬಂದು ಅದನ್ನು ಪ್ರಮಾಣೀಕರಿಸಬೇಕಾಗಿರಲಿಲ್ಲ.

ಹೀಗೆಂದ ಮಾತ್ರಕ್ಕೆ ಅವನನ್ನು ಋಷಿಯನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಯುದ್ಧಭೂಮಿಯಿಂದ ಹೆಂಡತಿಗೆ ಅವನು ಬರೆದ ಕಾಗದಗಳು ಉಳಿದಿವೆ. ಬಡ್ತಿಯ ಆಸೆ ಅವುಗಳಲ್ಲಿ ಮುಚ್ಚುಮರೆಯಿಲ್ಲದೆ ಇದೆ. ತನ್ನ ರೆಜಿಮೆಂಟನ್ನು ಮೇಲಧಿಕಾರಿಗಳು ಹೊಗಳಿದರೆ ಹುಡುಗನಂತೆ ಹಿಗ್ಗುತ್ತಾನೆ. ಮಕ್ಕಳನ್ನು ವಿಚಾರಿಸುತ್ತಾನೆ, ಹಣ ಕಳಿಸಿದ ಲೆಕ್ಕ ಒಪ್ಪಿಸುತ್ತಾನೆ, ಕಾಗದ ಬರುವುದು ತಡವಾದರೆ ಮುನಿಯುತ್ತಾನೆ. ನಾರ್ವೇಜಿಯನ್ ಮನೆಮಾತಿನ ಈ ದಂಪತಿಗಳ ನಡುವಣ ಆ ಕಾಗದಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಯುದ್ಧದ ವರ್ಣನೆಗಿಂತ ಮನೆಯ ಚಿಂತೆಯೇ ಹೆಚ್ಚಾಗಿರುವ ಆ ಬರೆಹವನ್ನು ಓದಿದರೆ, ದೊಡ್ಡ ತತ್ತ್ವಕ್ಕಾಗಿ ಹೊರಟವನು ಚಿಕ್ಕ ಸುಖಗಳನ್ನು ತಿರಸ್ಕರಿಸಿ ಹೋದವನಲ್ಲ, ಅವುಗಳಿಗೆ ಹಂಬಲಿಸುತ್ತಲೇ ಹೋದವನು ಎಂಬುದು ಸ್ಪಷ್ಟವಾಗುತ್ತದೆ.

ರೆಜಿಮೆಂಟಿನ ಮೊದಲ ಶತ್ರು ಗುಂಡಲ್ಲ, ರೋಗ. ಮಿಸಿಸಿಪಿ ನದಿಯ ಐಲ್ಯಾಂಡ್ ನಂಬರ್ 10 ಎಂಬ ಕೋಟೆಯ ಮುತ್ತಿಗೆಯಲ್ಲಿ, ಆಮೇಲೆ ಆ ತಗ್ಗಿನ ಪಾಳೆಯಗಳಲ್ಲಿ, ಜ್ವರ ಭೇದಿಗಳಿಂದ ಜನ ಉದುರಿದರು. ಮಸ್ಕೀಗೊದ ಬಾಲ್ಯವನ್ನು ಕಂಡವನಿಗೆ ಅದು ಹೊಸ ದೃಶ್ಯವಲ್ಲ. 1862ರ ಅಕ್ಟೋಬರಿನಲ್ಲಿ ಪೆರಿವಿಲ್ ಕದನ. ಡಿಸೆಂಬರ್ 26ರಂದು ಟೆನೆಸಿಯ ನೋಲೆನ್ಸ್‌ವಿಲ್ ಸಮೀಪದ ನಾಬ್ ಗ್ಯಾಪಿನಲ್ಲಿ ಶತ್ರುವಿನ ಒಂದು ಫಿರಂಗಿಯನ್ನು ಈ ರೆಜಿಮೆಂಟು ಕಿತ್ತುಕೊಂಡಿತು. ವರ್ಷದ ಕೊನೆಯ ದಿನ ಮರ್ಫ್ರೀಸ್‌ಬರೋ ಬಳಿ ಸ್ಟೋನ್ಸ್ ನದಿಯ ದಾರುಣ ಯುದ್ಧದಲ್ಲಿ ಲೆಫ್ಟಿನೆಂಟ್ ಕರ್ನಲ್ ಡೇವಿಡ್ ಮೆಕೀ ಸತ್ತನು, ನೂರಕ್ಕೂ ಮಿಕ್ಕಿ ಜನ ಸತ್ತರು, ಗಾಯಗೊಂಡರು, ಇಲ್ಲವೆ ಕಾಣೆಯಾದರು. 1863ರ ಮೇ 1ರಂದು ಹೆಗ್‌ಗೆ ಒಂದು ಬ್ರಿಗೇಡಿನ ನಾಯಕತ್ವ ಸಿಕ್ಕಿತು. ತನ್ನ 15ನೆಯ ವಿಸ್ಕಾನ್ಸಿನ್ ಜೊತೆಗೆ ಇಲಿನಾಯ್‌ನ ಎರಡು, ಕಾನ್ಸಸ್‌ನ ಒಂದು ರೆಜಿಮೆಂಟು ಅವನ ಕೈಕೆಳಗೆ ಬಂದುವು. ಆಗಸ್ಟ್ 29ರ ಬೆಳಗ್ಗೆ ಟೆನೆಸಿ ನದಿಯನ್ನು ಕೇಪರ್ಟನ್ ದೋಣಿಗಟ್ಟದಲ್ಲಿ ದೋಣಿಗಳ ಮೇಲೆ ದಾಟಿ ಎದುರು ದಡವನ್ನು ಹಿಡಿದದ್ದು ಅವನ ಬ್ರಿಗೇಡು. ಅವರ ಹಿಂದೆ ಸೈನ್ಯದ ಇತರ ಪಡೆಗಳು ದಾಟಿದುವು.

ಉತ್ತರದ ಸೇನಾಪತಿ ರೋಸ್‌ಕ್ರಾನ್ಸ್ ಮುಂದೆ ನುಗ್ಗಿ, ದಕ್ಷಿಣದ ಸೇನಾಪತಿ ಬ್ರ್ಯಾಗ್ ಬಿಟ್ಟುಹೋದ ಚಟನೂಗ ಪಟ್ಟಣವನ್ನು ಹಿಡಿದನು. ಹಿಂದೆ ಸರಿದ ಶತ್ರು ಓಡುತ್ತಿದ್ದಾನೆಂದು ಭಾವಿಸಿದ್ದು ತಪ್ಪಾಯಿತು. ವರ್ಜೀನಿಯದಿಂದ ರೈಲಿನಲ್ಲಿ ಬಂದ ಪಡೆಗಳ ಬಲ ಸೇರಿ ಬ್ರ್ಯಾಗ್ ಚಿಕಮಾಗ ಎಂಬ ಹೊಳೆಯ ದಡದಲ್ಲಿ ತಿರುಗಿ ನಿಂತನು. ಸೆಪ್ಟೆಂಬರ್ 18ರಂದು ಹೆಗ್ ಗುನಿಲ್ಡ್‌ಗೆ ಬರೆದನು: ಶತ್ರು ಎದುರಿಗಿದ್ದಾನೆ, ಕದನವಾದರೆ ದೊಡ್ಡದೇ ಆದೀತು, ನನಗಾಗಿ ಕಳವಳಪಡಬೇಡ, ಆರೋಗ್ಯವಾಗಿದ್ದೇನೆ, ಎಂದಿನ ನನ್ನ ಅದೃಷ್ಟವನ್ನು ನಂಬಿದ್ದೇನೆ ಎಂಬರ್ಥದ ಮಾತುಗಳು.

ಮರುದಿನ ಮಧ್ಯಾಹ್ನ ಜೆಫರ್ಸನ್ ಡೇವಿಸ್‌ನ ಡಿವಿಜನ್ನಿಗೆ ಮುನ್ನುಗ್ಗಲು ಆಜ್ಞೆಯಾಯಿತು. (ಈತನು ಉತ್ತರದ ಸೇನಾನಿ, ದಕ್ಷಿಣದ ಅಧ್ಯಕ್ಷನ ಹೆಸರೂ ಅದೇ ಆಗಿದ್ದುದು ಆಕಸ್ಮಿಕ.) ಲಾಫಯೆಟ್ ರಸ್ತೆಯ ಮಗ್ಗುಲಲ್ಲಿ ವಿನಿಯರ್ಡ್ ಎಂಬ ರೈತನ ಮನೆ, ಅದರ ಸುತ್ತ ತೆರವಾದ ಹೊಲ, ಹೊಲದ ಆಚೆ ದಟ್ಟವಾದ ಓಕ್ ಕಾಡು. ಹೆಗ್‌ನ ಬ್ರಿಗೇಡು ಕಾಡಿನೊಳಗೆ ಹೊಕ್ಕಿತು. ಮದ್ದಿನ ಹೊಗೆ ಮರಗಳ ನಡುವೆ ಸಿಕ್ಕಿಕೊಂಡು ಹತ್ತು ಮಾರು ದೂರದ ಮನುಷ್ಯ ಕಾಣದಂತಾಗಿತ್ತು. ಎದುರಿಗಿದ್ದ ಬಂದೂಕಿನ ಕಿಡಿಯನ್ನು ನೋಡಿ ಗುರಿಯಿಡಬೇಕಾದ ಪರಿಸ್ಥಿತಿ. ಹಿಂದಕ್ಕೆ ತಳ್ಳಲ್ಪಟ್ಟರು, ರಸ್ತೆಯ ಬಳಿ ಮತ್ತೆ ಸಾಲು ಕಟ್ಟಿ ಹೊಲವನ್ನು ದಾಟಿದರು, ಮತ್ತೆ ತಳ್ಳಲ್ಪಟ್ಟರು. ಒಂದೇ ಹೊಲ ಆ ಅಪರಾಹ್ನದಲ್ಲಿ ಹಲವು ಸಲ ಕೈ ಬದಲಾಯಿಸಿತು. ಬಿದ್ದವರ ಮೇಲೆಯೇ ಮುಂದಿನವರು ನಡೆಯಬೇಕಾಯಿತು. ಕುದುರೆಯ ಮೇಲಿದ್ದ ಹೆಗ್ ಚದುರಿದವರನ್ನು ಕೂಡಿಸುತ್ತ, ಸಾಲುಗಳ ಮುಂದೆಯೇ ಸುಳಿದಾಡುತ್ತಿದ್ದನು. ಹೊತ್ತು ಇಳಿಯುವ ವೇಳೆಗೆ ಗುಂಡೊಂದು ಅವನ ಹೊಟ್ಟೆಯನ್ನು ಹೊಕ್ಕಿತು. ಆ ಕಾಲದ ವೈದ್ಯದಲ್ಲಿ ಅಂಥ ಗಾಯಕ್ಕೆ ಪರಿಹಾರವಿರಲಿಲ್ಲ. ಅದು ಅವನಿಗೂ ಗೊತ್ತಿದ್ದೀತು. ಆದರೂ ಕೆಲ ದೂರ ಕುದುರೆಯ ಮೇಲೆಯೇ ಉಳಿದು ತನ್ನವರನ್ನು ಹುರಿದುಂಬಿಸಿದನೆಂದು ಹೇಳುತ್ತಾರೆ. ಸೇನೆಯ ಆಸ್ಪತ್ರೆಗೆ ಒಯ್ದರು. ರಾತ್ರಿ ಕಳೆದು, ಸೆಪ್ಟೆಂಬರ್ 20ರಂದು ಪ್ರಾಣ ಹೋಯಿತು.

ಅದೇ ದಿನ ರೋಸ್‌ಕ್ರಾನ್ಸ್‌ನ ಸೈನ್ಯ ಸೋತು ಚಟನೂಗಕ್ಕೆ ಹಿಮ್ಮೆಟ್ಟಿತು. ಎರಡು ದಿನಗಳಲ್ಲಿ ಎರಡೂ ಪಕ್ಷದವರು ಸೇರಿ ಸುಮಾರು 34,000 ಮಂದಿ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಹೆಗ್‌ನ ಬ್ರಿಗೇಡು ಅರ್ಧಕ್ಕಿಂತ ಹೆಚ್ಚು ಜನರನ್ನು ಕಳೆದುಕೊಂಡಿತು. ರೆಜಿಮೆಂಟನ್ನು ನಡೆಸುತ್ತಿದ್ದ ಓಲೆ ಜಾನ್ಸನ್ ಸೆರೆಸಿಕ್ಕಿ ರಿಚ್ಮಂಡಿನ ಲಿಬ್ಬಿ ಸೆರೆಮನೆಗೆ ಹೋದನು. ಮುಂದೆ ತಪ್ಪಿಸಿಕೊಂಡು ಬಂದನು. ಸಾಮಾನ್ಯ ಸಿಪಾಯಿಗಳಿಗೆ ಆ ಭಾಗ್ಯವಿರಲಿಲ್ಲ. ಅವರಲ್ಲಿ ಹಲವರು ಆಂಡರ್‌ಸನ್‌ವಿಲ್‌ನ ಬಯಲು ಸೆರೆಯಲ್ಲಿ ಹಸಿದು ಸತ್ತರು. ಯುದ್ಧ ಮುಗಿಯುವ ಹೊತ್ತಿಗೆ 15ನೆಯ ವಿಸ್ಕಾನ್ಸಿನ್‌ಗೆ ಸೇರಿದವರಲ್ಲಿ ಮೂರರಲ್ಲಿ ಒಂದು ಪಾಲು ಜನ ಜೀವಂತವಾಗಿರಲಿಲ್ಲ. ಹೆಗ್‌ನನ್ನು ಬ್ರಿಗೇಡಿಯರ್ ಜನರಲ್ ಪದವಿಗೆ ಶಿಫಾರಸು ಮಾಡಬೇಕೆಂದಿದ್ದೆನೆಂದು ರೋಸ್‌ಕ್ರಾನ್ಸ್ ಮರುಗಿದನಂತೆ. ಬಯಸಿದ ಬಡ್ತಿ ಹೀಗೆ ಬಾಯಿಮಾತಿನಲ್ಲಿಯೇ ಉಳಿಯಿತು. ದೇಹವನ್ನು ಊರಿಗೆ ತಂದು, ಮಸ್ಕೀಗೊದ ನಾರ್ವೇಜಿಯನ್ ಲೂಥರನ್ ಚರ್ಚಿನ ಅಂಗಳದಲ್ಲಿ, ಅವನು ಬಾಲ್ಯದಲ್ಲಿ ಓಡಾಡಿದ ನೆಲದಲ್ಲಿಯೇ ಹೂಳಿದರು. ಚಿಕಮಾಗದಲ್ಲಿ ಅವನು ಗಾಯಗೊಂಡ ಜಾಗದಲ್ಲಿ ಫಿರಂಗಿಯ ಗುಂಡುಗಳನ್ನು ಗೋಪುರದಂತೆ ಪೇರಿಸಿದ ಒಂದು ಸ್ಮಾರಕವಿದೆ; ನಮ್ಮ ಊರ ಹೊರಗಿನ ವೀರಗಲ್ಲಿನಂತೆ ಅದೂ ಬಿದ್ದವನ ಜಾಗವನ್ನು ಕಾಯುವ ಗುರುತು.

ಇನ್ನೊಂದು ಸ್ಮಾರಕದ ಕಥೆಯನ್ನು ಹೇಳದೆ ಈ ಉಪನ್ಯಾಸ ಮುಗಿಯಲಾರದು. ನಾರ್ವೇಜಿಯನ್ ಮೂಲದ ಅಮೆರಿಕನ್ನರು ಹಣ ಕೂಡಿಸಿ, ಪಾಲ್ ಫ್ಯೆಲ್ಡೆ ಎಂಬ ಶಿಲ್ಪಿಯಿಂದ ಹೆಗ್‌ನ ಕಂಚಿನ ಪ್ರತಿಮೆಯೊಂದನ್ನು ಮಾಡಿಸಿ, 1926ರಲ್ಲಿ ಮ್ಯಾಡಿಸನ್ನಿನ ಸಂಸ್ಥಾನ ಸೌಧದ ಎದುರು ನಿಲ್ಲಿಸಿದರು. ಅದರ ಪ್ರತಿಕೃತಿ ಅವನು ಹುಟ್ಟಿದ ಲಿಯೆರ್‌ನಲ್ಲಿಯೂ ಇದೆ. ತೊಂಬತ್ತು ವರ್ಷಗಳಿಗೂ ಮಿಗಿಲಾಗಿ ಮ್ಯಾಡಿಸನ್ನಿನ ಜನ ಅದರ ಮುಂದೆ ಓಡಾಡಿದರು. 2020ರ ಜೂನ್ 23ರ ರಾತ್ರಿ, ಕರಿಯ ಜನರ ಮೇಲಿನ ಪೊಲೀಸ್ ಹಿಂಸೆಯನ್ನು ವಿರೋಧಿಸಿ ಎದ್ದಿದ್ದ ಜನಸಮೂಹದಲ್ಲಿ ಕೆಲವರು ಆ ಪ್ರತಿಮೆಯನ್ನು ಎಳೆದು ಕೆಡವಿದರು, ತಲೆಯನ್ನು ಬೇರ್ಪಡಿಸಿದರು, ದೇಹವನ್ನು ಮೊನೋನ ಸರೋವರಕ್ಕೆ ಎಸೆದರು. ದಾಸ್ಯವಿಮೋಚನೆಗಾಗಿ ಸತ್ತವನ ಪ್ರತಿಮೆಯನ್ನು ದಾಸ್ಯದ ಪರಿಣಾಮಗಳ ವಿರುದ್ಧ ಹೋರಾಡುವವರೇ ಕೆಡವಿದರೆಂದು ಪತ್ರಿಕೆಗಳು ಬರೆದುವು. ಅನೇಕರು ಅವರನ್ನು ಮೂಢರೆಂದು ಹಳಿದರು.

ನನಗೆ ಆ ವಾರ್ತೆ ನೋವು ತಂದಿತೆಂಬುದನ್ನು ಮರೆಮಾಚುವುದಿಲ್ಲ; ಹೆಗ್‌ಗೆ ಅನ್ಯಾಯವಾಯಿತು. ಆದರೆ ಹಳಿಯುವವರ ಜೊತೆ ದನಿಗೂಡಿಸಲು ನನ್ನಿಂದಾಗದು. ಬೀದಿಗಿಳಿದ ಜನರ ಸಂಕಟ ಮಿಥ್ಯೆಯಲ್ಲ. ಹೆಗ್ ಯಾವ ಸಾಲಕ್ಕೆ ತನ್ನ ಹೆಸರನ್ನು ಬರೆದುಕೊಟ್ಟನೋ ಆ ಸಾಲ 1865ರಲ್ಲಿ ಪೂರ್ತಿ ತೀರಲಿಲ್ಲವೆಂಬುದಕ್ಕೆ ಅವರ ಕೂಗೇ ಸಾಕ್ಷಿ. ದೋಷದ ಒಂದು ಪಾಲು ಅವನನ್ನು ಕೊಂಡಾಡಿದವರದೂ ಹೌದು. ನಾರ್ವೆಯ ವೀರಪುತ್ರನೆಂದು, ನಮ್ಮ ಕುಲದ ಕರ್ನಲ್ಲನೆಂದು ಅವನನ್ನು ಹೊಗಳಿದಷ್ಟು, ಬೂತ್‌ಗೆ ಬಾಗಿಲು ತೆರೆದವನೆಂದು, ಕೈದಿಯಲ್ಲಿ ಮನುಷ್ಯನನ್ನು ಕಂಡವನೆಂದು ಹೊಗಳಲಿಲ್ಲ. ಕಂಚಿನ ಪ್ರತಿಮೆ ತಾನು ಯಾರ ಪರವಾಗಿ ಕಾದಿದೆನೆಂದು ತಾನಾಗಿ ಹೇಳಲಾರದು, ಹೇಳಬೇಕಾದವರು ಬದುಕಿರುವವರು. ಪ್ರತಿಮೆಯನ್ನು ದುರಸ್ತಿ ಮಾಡಿ 2021ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದ್ದಾರೆ. ನಿಲ್ಲಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಜೋಷುವಾ ಗ್ಲೋವರ್‌ನ ಕಥೆಯನ್ನು ಅದರ ಪಕ್ಕದಲ್ಲಿಯೇ ಪ್ರತಿಯೊಂದು ಮಗುವಿಗೂ ಹೇಳಿಕೊಡುವ ಏರ್ಪಾಟು ಆಗಬೇಕು.

ಕೊನೆಯದಾಗಿ, ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ಬಿನ್ನಹ. ಹೆಗ್ ಹೆಂಡತಿಗೆ ಬರೆದ ಕಾಗದಗಳನ್ನು ಥಿಯೊಡರ್ ಬ್ಲೇಗನ್ ಎಂಬ ವಿದ್ವಾಂಸನು ಸಂಪಾದಿಸಿ 1936ರಲ್ಲಿ ನಾರ್ವೇಜಿಯನ್ ಅಮೆರಿಕನ್ ಚರಿತ್ರ ಸಂಘದ ಮೂಲಕ ಪ್ರಕಟಿಸಿದನು. ಅಂತರ್ಯುದ್ಧದ ಸೇನಾನಿಗಳ ಬೃಹತ್ತಾದ ಆತ್ಮಕಥೆಗಳು ಬೇಕಾದಷ್ಟಿವೆ. ಅವುಗಳನ್ನು ಬರೆದವರಿಗೆ ಗೆದ್ದ ಮೇಲೆ ಹಿಂದಿರುಗಿ ನೋಡುವ, ತಿದ್ದಿ ಬರೆಯುವ ಅವಕಾಶವಿತ್ತು. ಇವನಿಗೆ ಅದಿರಲಿಲ್ಲ. ಮುಂದೇನಾಗುವುದೆಂದು ತಿಳಿಯದೆ, ಪಾಳೆಯದ ದೀಪದಲ್ಲಿ ಅವಸರವಾಗಿ ಬರೆದ ಈ ಕಾಗದಗಳಲ್ಲಿ ಯುದ್ಧದ ವ್ಯೂಹಗಳನ್ನು ಹುಡುಕುವವರಿಗೆ ದೊರೆಯುವುದು ಸ್ವಲ್ಪ. ಒಂದು ವಲಸೆಯ ಕುಟುಂಬ ಎರಡು ನಾಡುಗಳ ನಡುವೆ ತನ್ನ ಬಾಳನ್ನು ಹೇಗೆ ಕಟ್ಟಿಕೊಂಡಿತೆಂದು ತಿಳಿಯಬಯಸುವವರಿಗೆ ಬೇಕಾದುದೆಲ್ಲ ಇದೆ. ಗುನಿಲ್ಡ್ ಬರೆದ ಉತ್ತರಗಳನ್ನು ಊಹಿಸಿಕೊಂಡು ಅವುಗಳನ್ನು ಓದಬೇಕು. ನಮ್ಮ ತರುಣರಲ್ಲಿ ಯಾರಾದರೂ ಅವುಗಳಿಂದ ಒಂದು ಆಯ್ಕೆಯನ್ನು ಕನ್ನಡಕ್ಕೆ ತಂದರೆ, ಈ ದತ್ತಿಯನ್ನಿಟ್ಟ ಹಿರಿಯರ ಸಂಕಲ್ಪ ನನ್ನ ಈ ಒಂದು ಗಂಟೆಯ ಮಾತಿನಿಂದ ನೆರವೇರಿದುದಕ್ಕಿಂತ ಹೆಚ್ಚಾಗಿ ನೆರವೇರುವುದು.